ಕನ್ನಡಿಯ ಕಡೆ ಮುಖ ಮಾಡಿ ಕುಳಿತ ಅತ್ತೆ

ಮದುವೆಯಾಗಿ ಮೂವತ್ತು ವರ್ಷ ದಾಟಿದ್ದರೂ ನಮ್ಮ ಅತ್ತೆಯವರ ಮೂಗುತಿ ಎಡಗಡೆ ಇದೆಯೋ ಬಲಗಡೆ ಇದೆಯೋ ನನಗೆ ತಿಳಿದಿರಲಿಲ್ಲ. ಇದನ್ನು ಅಳಿಯನ ಅಲಕ್ಷ್ಯವೆಂದು ಓದುಗರು ಭಾವಿಸಬಾರದು. ಇದು ಅಳಿಯನ ಸದ್ಗುಣ. ಧಾರವಾಡದ ಕಡೆಯ ನಮ್ಮಂಥ ಹಳೆಯ ಮನೆತನಗಳಲ್ಲಿ ಅತ್ತೆಯಾದವರು ಅಳಿಯನ ಎದುರಿಗೆ ಕೂಡುವುದಿಲ್ಲ. ಅವನು ಬಂದರೆ ತಲೆಯ ಮೇಲೆ ಸೆರಗು ಎಳೆದುಕೊಂಡು ಒಳಗೆ ಸರಿಯುತ್ತಾರೆ. ಮಾತಾಡುವುದಿದ್ದರೆ ಬಾಗಿಲ ಮರೆಯಿಂದ ಮಾತಾಡುತ್ತಾರೆ, ಅದೂ ನೇರವಾಗಿ ಅಲ್ಲ. ಅಳಿಯನಾದವನು ಆ ಹೊತ್ತಿನಲ್ಲಿ ನೆಲವನ್ನೋ ಗೋಡೆಯ ಕ್ಯಾಲೆಂಡರನ್ನೋ ನೋಡಬೇಕು. ನಾನು ಮೂವತ್ತು ವರ್ಷ ಕ್ಯಾಲೆಂಡರ್ ನೋಡಿದವನು. ಅವರ ಮನೆಯ ಹಬ್ಬ ಹುಣ್ಣಿಮೆಗಳೆಲ್ಲ ನನಗೆ ಬಾಯಿಪಾಠ. ಮುಖ ಮಾತ್ರ ಗೊತ್ತಿರಲಿಲ್ಲ.

ಮಾವನವರು ತೀರಿಕೊಂಡ ಮೇಲೆ ನನ್ನ ಹೆಂಡತಿ ತಾಯಿಯನ್ನು ಪುಣೆಗೆ ಕರೆತಂದಳು. ಆಕೆ ಒಬ್ಬಳೇ ಮಗಳು, ಆದ್ದರಿಂದ ಈ ಬಗ್ಗೆ ಚರ್ಚೆಯೇನೂ ಆಗಲಿಲ್ಲ. ಕಾತ್ರಜದ ನಮ್ಮ ಫ್ಲ್ಯಾಟಿಗೆ ಇರುವುದು ಮೂರೇ ಕೋಣೆ. ಅಷ್ಟು ಜಾಗದಲ್ಲಿ ಅಳಿಯನ ಎದುರು ಬೀಳದೆ ಬದುಕುವುದು ಸಾಮಾನ್ಯರಿಗೆ ಸಾಧಿಸುವ ವಿದ್ಯೆಯಲ್ಲ. ಅತ್ತೆಯವರಿಗೆ ಅದು ಕರಗತವಾಗಿತ್ತು. ನಾನು ಹೊರಕೋಣೆಯಲ್ಲಿ ಪೇಪರು ಹಿಡಿದು ಕುಳಿತಿದ್ದರೆ ಅಡುಗೆಮನೆಯ ಬಾಗಿಲ ಹಿಂದಿನಿಂದ ದನಿ ಬರುತ್ತಿತ್ತು.

“ಅವರಿಗೆ ಹೇಳವಾ, ಚಾ ಆರಾಕತ್ತದ.”

ನಡುವೆ ನಿಂತ ನನ್ನ ಹೆಂಡತಿ ನನ್ನ ಕಡೆ ತಿರುಗಿ, “ಚಾ ಆರಾಕತ್ತದಂತ್ರಿ” ಎನ್ನುತ್ತಿದ್ದಳು.

“ಕುಡೀತೀನಿ ಅಂತ ಹೇಳು.”

“ಕುಡೀತಾರಂತ ಅವ್ವಾ.”

ಹೆಂಡತಿ ಮನೆಯಲ್ಲಿ ಇಲ್ಲದಾಗ ಈ ವ್ಯವಸ್ಥೆಗೆ ಅಡಚಣೆಯಾಗುತ್ತಿತ್ತು. ಆಗ ಅತ್ತೆಯವರು ಕುಕ್ಕರಿನೊಂದಿಗೆ ಮಾತಾಡುತ್ತಿದ್ದರು. “ಊಟದ ಹೊತ್ತಾತು, ಇನ್ನೂ ಯಾರಿಗೂ ಹಸಿವಿ ಆಗಿಲ್ಲೋ ಏನೋ” ಎಂದು ಕುಕ್ಕರಿಗೆ ಹೇಳಿದರೆ ನಾನು ಎದ್ದು ಕೈ ತೊಳೆಯಬೇಕು. ಕುಕ್ಕರು ಕೂಗಿ ಒಪ್ಪಿಗೆ ಸೂಚಿಸುತ್ತಿತ್ತು.

ಇಷ್ಟು ಪೀಠಿಕೆಯ ನಂತರ ನನ್ನ ಹುಚ್ಚಿನ ವಿಷಯಕ್ಕೆ ಬರುತ್ತೇನೆ. ನನ್ನ ನೌಕರಿ ಒಂದು ಕಾರಖಾನೆಯ ಉಗ್ರಾಣದ ಆಫೀಸಿನಲ್ಲಿ. ನಟ್ಟು, ಬೋಲ್ಟು, ಬೇರಿಂಗು, ಇವುಗಳ ನಡುವೆ ಆಯುಷ್ಯ ಕಳೆಯಿತು. ದಿನವೂ ಶಿವಾಜಿನಗರದಲ್ಲಿ ಬಸ್ಸು ಬದಲಿಸಬೇಕಾಗಿತ್ತು. ಅಲ್ಲಿ ನಿಂತು ಮಾಡುವುದೇನು? ಜನರ ಮುಖ ನೋಡುತ್ತಿದ್ದೆ. ಕೋರ್ಟಿನ ಮೆಟ್ಟಿಲು ಇಳಿದು ಬಂದವರ ಮುಖ, ಪರೀಕ್ಷೆ ಮುಗಿಸಿದ ಹುಡುಗಿಯರ ಮುಖ, ಬಸ್ಸು ತಪ್ಪಿಸಿಕೊಂಡವನ ಮುಖ. ಮೂಗಿನ ಪಕ್ಕದ ನೆರಳು ಗಲ್ಲಕ್ಕೆ ಇಳಿಯುವುದು ಎಲ್ಲಿ, ಗದ್ದದ ಕೆಳಗೆ ಬಿಳಿ ಅಂಗಿಯ ಬೆಳಕು ಬಡಿದು ಕತ್ತು ಹೊಳೆಯುವುದು ಹೇಗೆ, ಇದೆಲ್ಲ ನೋಡುತ್ತ ನಿಂತುಬಿಡುತ್ತಿದ್ದೆ. ಒಮ್ಮೆ ಒಬ್ಬ ಮರಾಠಿ ಹೆಂಗಸು, “ಕಾಯ್ ಬಘತಾ?” ಎಂದು ಕೇಳಿಯೂ ಕೇಳಿದರು. ಏನು ನೋಡುತ್ತೀರಿ ಎಂಬ ಆ ಪ್ರಶ್ನೆಗೆ “ನೆರಳು” ಎಂದು ನಿಜ ಹೇಳಿದರೆ ಪೆಟ್ಟು ಬೀಳುತ್ತದೆಂದು ತಿಳಿದು, ಬಂದ ಬಸ್ಸು ಹತ್ತಿದೆ. ಅದು ನನ್ನ ಬಸ್ಸಾಗಿರಲಿಲ್ಲ.

ನಿವೃತ್ತನಾದ ಮೇಲೆ ಅದೇ ಶಿವಾಜಿನಗರದ ಒಂದು ಗಲ್ಲಿಯಲ್ಲಿ ಎಣ್ಣೆಬಣ್ಣದ ಮುಖಚಿತ್ರ ಕಲಿಸುವ ಕ್ಲಾಸಿಗೆ ಸೇರಿದೆ. ಕಲಿಸುವವರು ಒಬ್ಬ ಮರಾಠಿ ಹೆಣ್ಣುಮಗಳು. ನನ್ನ ಮಗಳ ವಯಸ್ಸು, ನನ್ನ ಅಜ್ಜಿಯ ಶಿಸ್ತು. ತಮ್ಮ ಮನೆಯ ಪಡಸಾಲೆಯನ್ನೇ ಕ್ಲಾಸು ಮಾಡಿದ್ದರು. ಉತ್ತರದ ಕಿಟಕಿಯಿಂದ ಬೆಳಕು, ಮೂಲೆಯಲ್ಲಿ ಪ್ಲಾಸ್ಟರಿನ ಒಂದು ಗ್ರೀಕ್ ತಲೆ, ಎಲ್ಲೆಡೆ ಟರ್ಪೆಂಟೈನಿನ ವಾಸನೆ. ಉಳಿದವರೆಲ್ಲ ಎಳೆಯರು. ನನ್ನನ್ನು ಕಾಕಾ ಎನ್ನುತ್ತಿದ್ದರು. ಮೇಡಮ್ಮೂ ಕಾಕಾ ಎನ್ನುತ್ತಿದ್ದರು. ಆದರೆ ಆ ಕಾಕಾದಲ್ಲಿ ರಿಯಾಯಿತಿ ಇರಲಿಲ್ಲ.

“ಕಾಕಾ, ಆಧೀ ಬಘಾ, ಮಗ ರಂಗವಾ.”

ಮೊದಲು ನೋಡಿ, ಆಮೇಲೆ ಬಣ್ಣ ಹಚ್ಚಿ. ಅವರ ಇಡೀ ಶಾಸ್ತ್ರ ಇಷ್ಟೇ. ಕೇಳಲು ಸುಲಭ. ನಾನು ಬ್ರಷ್ಷು ಕೈಗೆ ಬಂದೊಡನೆ ಕಣ್ಣು ಮುಚ್ಚಿದಂತೆ ಬಣ್ಣ ಹಚ್ಚುವವನು. ಕಣ್ಣೆಂದರೆ ಮೀನಿನ ಆಕಾರ, ತುಟಿಯೆಂದರೆ ಕೆಂಪು ಎಂದು ನನ್ನ ತಲೆಯೊಳಗೆ ಮೊದಲೇ ತೀರ್ಮಾನವಾಗಿತ್ತು. ಎದುರಿಗೆ ಕುಳಿತವರ ಮುಖ ಆ ತೀರ್ಮಾನಕ್ಕೆ ಹೊಂದದಿದ್ದರೆ ತಪ್ಪು ಅವರದು. ಒಂದು ಭಾನುವಾರ ಮೇಡಮ್ಮು ನನ್ನ ಕ್ಯಾನ್ವಾಸುಗಳನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸಿದರು. ಕಾಲೇಜಿನ ಹುಡುಗ, ತರಕಾರಿ ಮಾರುವ ಅಜ್ಜಿ, ಗ್ರೀಕ್ ತಲೆ.

“ಹೇ ನಾಕ ಕುಣಾಚಂ?”

ಈ ಮೂಗು ಯಾರದು ಎಂದು ಕೇಳಿದ್ದರು. ಇಡೀ ಕ್ಲಾಸು ಒಮ್ಮೆ ಚಿತ್ರಗಳನ್ನೂ ಒಮ್ಮೆ ನನ್ನನ್ನೂ ನೋಡಿತು. ಆಮೇಲೆ ನಗು. ಮೂರು ಮುಖಕ್ಕೂ ನನ್ನ ಮೂಗೇ ಬಂದಿತ್ತು. ನಮ್ಮ ವಂಶದ ಮೂಗು ಚಿಕ್ಕದಲ್ಲ. ಗ್ರೀಕ್ ಮಹಾಶಯನಿಗೆ ಅದು ಒಪ್ಪಿತ್ತೆಂದೇ ನನ್ನ ಅಭಿಪ್ರಾಯ. ಆದರೆ ತರಕಾರಿ ಮಾರುವ ಅಜ್ಜಿಗೆ ಅನ್ಯಾಯವಾಗಿತ್ತು. ಕಲಿಯುವವರೆಲ್ಲ ತಮಗೆ ಗೊತ್ತಿರುವ ಮುಖವನ್ನೇ ಬರೆಯುತ್ತಾರೆ ಎಂದು ಮೇಡಮ್ಮು ಸಮಾಧಾನ ಹೇಳಿದರು. ಕನ್ನಡಿಯಲ್ಲಿ ದಿನಾ ನೋಡುವುದು ಅದನ್ನೇ ಅಲ್ಲವೇ.

ಮನೆಯಲ್ಲಿ ಈ ವಿದ್ಯೆಗೆ ಮರ್ಯಾದೆಯಿತ್ತು, ಆದರೆ ಜಾಗವಿರಲಿಲ್ಲ. ಟರ್ಪೆಂಟೈನಿನ ವಾಸನೆಗೆ ಹೆಂಡತಿಯ ತಲೆ ಸಿಡಿಯುತ್ತಿತ್ತು. ಆದರೂ ಬಾಲ್ಕನಿಯಲ್ಲಿ ತನ್ನ ತುಳಸಿಯನ್ನು ಸರಿಸಿ ನನ್ನ ಈಸೆಲ್ಲಿಗೆ ಜಾಗ ಕೊಟ್ಟಳು. ಈ ಉಪಕಾರವನ್ನು ನಾನು ಮರೆಯುವವನಲ್ಲ, ಮರೆಯಲು ಆಕೆ ಬಿಡುವವಳೂ ಅಲ್ಲ. ಮಳೆಗಾಲದಲ್ಲಿ ಬಣ್ಣ ಒಣಗುವುದೇ ಇಲ್ಲ. ಒಮ್ಮೆ ಕ್ಲಾಸಿನವರೆಲ್ಲ ನಿಸರ್ಗ ಬರೆಯಲೆಂದು ಲೋಣಾವಳಾಕ್ಕೆ ಹೋದೆವು. ಮಂಜಿನಲ್ಲಿ ನಿಸರ್ಗ ಕಾಣಲಿಲ್ಲ. ಅಂಗಡಿಯ ಸೂರಿನಡಿ ನಿಂತು ಚಿಕ್ಕಿ ಮಾರುವವನ ಮುಖ ಬರೆದುಕೊಂಡು ಬಂದೆ. ಆ ಚಿತ್ರ ಗಣೇಶ ಚೌತಿಯವರೆಗೂ ಅಂಟಂಟಾಗಿಯೇ ಇತ್ತು. ಅದನ್ನು ಅಡುಗೆಮನೆಯಲ್ಲಿ ಫ್ರಿಜ್ಜಿನ ಮೇಲೆ ಇಟ್ಟಿದ್ದೆ. ಅತ್ತೆಯವರು ಅದನ್ನು ದಿನಾ ನೋಡುತ್ತಿದ್ದರೆಂದು ನನಗೆ ಆಗ ಗೊತ್ತಿರಲಿಲ್ಲ.

ಆ ಚಳಿಗಾಲ ಅತ್ತೆಯವರ ಅಕ್ಕ ತೀರಿಕೊಂಡರು. ಧಾರವಾಡಕ್ಕೆ ಹೋಗಿ ಎಲ್ಲ ಕಾರ್ಯ ಮುಗಿಸಿಕೊಂಡು ಬಂದೆವು. ಕಾತ್ರಜದಲ್ಲಿ ಬಸ್ಸಿಳಿಯುವವರೆಗೂ ಅತ್ತೆಯವರು ತುಟಿ ಬಿಚ್ಚಲಿಲ್ಲ. ದುಃಖವೆಂದು ನಾವು ತಿಳಿದಿದ್ದೆವು. ದುಃಖವಿತ್ತು, ಅದರ ಜೊತೆ ಸಿಟ್ಟೂ ಇತ್ತು. ಮನೆಗೆ ಬಂದು ಕಾಲು ತೊಳೆದು ಅಡುಗೆಮನೆಯ ಬಾಗಿಲ ಹಿಂದೆ ತಮ್ಮ ಜಾಗದಲ್ಲಿ ನಿಂತ ಮೇಲೆ ಅದು ಹೊರಬಿತ್ತು.

“ನೋಡಿದ್ಯೇನು ಫೋಟೋ? ಸರಕಾರಿ ಕಾರ್ಡಿನ ಫೋಟೋ ದೊಡ್ಡದು ಮಾಡಿಸಿ ಹಾರಾ ಹಾಕ್ಯಾರ. ನಮ್ಮಕ್ಕ ಏನು ಕಳ್ಳಿನs? ಪೊಲೀಸರು ಹಿಡದಂಗ ಕುಂತಾಳ!”

“ಬ್ಯಾರೆ ಫೋಟೋ ಇರಲಿಲ್ಲಂತ ಅವ್ವಾ” ಎಂದಳು ನನ್ನ ಹೆಂಡತಿ.

“ಎಲ್ಲಿಂದ ಇರತದ? ಮದುವ್ಯಾಗ ತಲಿ ಬಗ್ಗಿಸಿದಾಕಿ, ಕಡೀತನಕಾ ಎತ್ತಲಿಲ್ಲ. ಇನ್ನ ಅದs ಗ್ವಾಡಿ ಮ್ಯಾಲ ಉಳಿಯೂದು. ಮಮ್ಮಕ್ಕಳು ಅದನ್ನs ನೋಡಿ ಅಜ್ಜಿ ಅಂತಾರ.” ಆಮೇಲೆ ತಮ್ಮ ವಿಷಯಕ್ಕೆ ಬಂದರು. “ನಂದೂ ಅಂಥಾದ್ದs ಒಂದು ಕಾರ್ಡ್ ಅದ. ಅದರಾಗ ನಾ ಅಕಿಗಿಂತ ಖರಾಬ್ ಇದ್ದೀನಿ.”

ಬಾಗಿಲ ಹಿಂದೆ ಕುಕ್ಕರಿನ ಮುಚ್ಚಳ ಬಿದ್ದ ಸದ್ದಾಯಿತು.

“ಅವರಿಗೆ ಹೇಳು. ಚಿಕ್ಕಿ ಅಂಗಡಿಯಂವಂದು ಮಾರಿ ಚಲೋ ಬಂದದ. ನಂದೊಂದು ತಗೀರಿ ಅನ್ನು. ನಾ ಇರೂದರಾಗs ತಗೀಲಿ.”

ಹೆಂಡತಿ ನನ್ನ ಕಡೆ ತಿರುಗಿದಳು. ಹೇಳಬೇಕಾದ ಅಗತ್ಯವಿರಲಿಲ್ಲ. ಆದರೂ ಪದ್ಧತಿ ಪದ್ಧತಿಯೇ. “ನೀವs ತಗೀಬೇಕಂತ್ರಿ” ಎಂದಳು. ಆಕೆಯ ಕಣ್ಣಲ್ಲಿ ನೀರಿತ್ತು. ನಾನು ಕ್ಯಾಲೆಂಡರ್ ನೋಡುತ್ತ, ಆಗಲಿ ಎಂದು ಹೇಳು ಎಂದೆ. ಕಾರಖಾನೆಯ ಉಗ್ರಾಣದಲ್ಲಿ ಅಷ್ಟು ವರ್ಷ ಕಳೆದರೂ ಅಂಥ ದೊಡ್ಡ ಆರ್ಡರು ನನಗೆ ಬಂದಿರಲಿಲ್ಲ.

ತೊಡಕು ಮರುದಿನ ಬೆಳಿಗ್ಗೆ ಎದ್ದಿತು. ಮುಖ ಬರೆಯಬೇಕಾದರೆ ಮುಖ ಕಾಣಬೇಕು. ಅತ್ತೆಯವರು ನನ್ನ ಎದುರು ಕೂಡಬೇಕು, ನಾನು ಅವರನ್ನು ಗಂಟೆಗಟ್ಟಲೆ ದಿಟ್ಟಿಸಬೇಕು. ಇದನ್ನು ಕೇಳಿ ಅತ್ತೆಯವರು ಬಾಗಿಲ ಹಿಂದೆ ಇನ್ನೂ ಒಂದು ಹೆಜ್ಜೆ ಸರಿದರು.

“ಅದೆಂಗವಾ? ಅಳಿಯಂದ್ರ ಮುಂದ ಖುರ್ಚಿ ಹಾಕ್ಕೊಂಡು ಕುಂಡ್ರೂದು? ನಮ್ಮವ್ವ ಕುಂತಿಲ್ಲ, ನಮ್ಮಜ್ಜಿ ಕುಂತಿಲ್ಲ.”

“ಮೊಬೈಲಿನ್ಯಾಗ ಒಂದು ಫೋಟೋ ಹೊಡ್ಕೊಂಡು ತಗೀಲ್ಯಾ?” ಎಂದು ಕೇಳಿದಳು ಹೆಂಡತಿ.

“ಫೋಟೋ ಬ್ಯಾಡ ಅಂತನs ಹೇಳಾಕತ್ತೀನಿ ನಾ!”

ಎರಡು ದಿನ ಮನೆಯಲ್ಲಿ ವಿಚಾರ ವಿಮರ್ಶೆ ನಡೆಯಿತು. ಅತ್ತೆಯವರು ಚಿತ್ರವನ್ನೂ ಬಿಡಲೊಲ್ಲರು, ಪದ್ಧತಿಯನ್ನೂ ಬಿಡಲೊಲ್ಲರು. ಕೊನೆಗೆ ತೀರ್ಪು ಅವರಿಂದಲೇ ಬಂತು. ಮಲಗುವ ಕೋಣೆಯಲ್ಲಿ ಕಬ್ಬಿಣದ ಕಪಾಟಿದೆ, ಅದರ ಬಾಗಿಲಿಗೆ ಉದ್ದನೆಯ ಕನ್ನಡಿ. ತಾವು ಆ ಕನ್ನಡಿಯ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂಡುವುದು. ಅಳಿಯಂದಿರು ಬೆನ್ನ ಹಿಂದೆ ನಿಂತು ಕನ್ನಡಿಯೊಳಗೆ ನೋಡಿಕೊಂಡು ಬರೆಯುವುದು.

“ಕನ್ನಡ್ಯಾಗ ನೋಡಿದ್ರ ನೋಡಿದಂಗ ಅಲ್ಲ” ಎಂದರು ಅತ್ತೆಯವರು. ಯಾವ ಶಾಸ್ತ್ರದಲ್ಲಿ ಇದು ಬರೆದಿದೆಯೋ ತಿಳಿಯದು. ನಾನು ಮೇಲ್ಮನವಿ ಸಲ್ಲಿಸಲಿಲ್ಲ.

ಹೀಗೆ ಕೆಲಸ ಶುರುವಾಯಿತು. ನಾನು ಸ್ವಲ್ಪ ಓರೆಯಾಗಿ ಹಿಂದೆ ನಿಂತೆ. ಕನ್ನಡಿಯಲ್ಲಿ ಮೊದಲ ಬಾರಿಗೆ ಅತ್ತೆಯವರ ಪೂರ್ತಿ ಮುಖ ಕಂಡಿತು. ಹಣೆಯ ಮೇಲೆ ವಿಭೂತಿ, ಬಿಳಿ ಕೂದಲು, ಹುಬ್ಬಿನ ಮೇಲೊಂದು ಹಳೆಯ ಗಾಯದ ಗೆರೆ. ತುಟಿಯ ಒಂದು ತುದಿ, ನಗದಿದ್ದಾಗಲೂ, ತುಸು ಮೇಲಕ್ಕೆ ಎದ್ದಿತ್ತು. ಅದು ಯಾರನ್ನೋ ಸದಾ ಒಳಗೊಳಗೇ ಚೇಷ್ಟೆ ಮಾಡುತ್ತಿರುವಂತೆ ಇತ್ತು. ಮೂವತ್ತು ವರ್ಷ ಆ ಯಾರೋ ನಾನೇ ಇದ್ದಿರಬಹುದೆಂಬ ಶಂಕೆ ಬಂತು.

ಮೊದಲ ದಿನ ತಿಳಿಕಂದು ಬಣ್ಣದಿಂದ ಕ್ಯಾನ್ವಾಸು ಒರೆಸಿ, ನೆರಳಿನ ಜಾಗಗಳನ್ನಷ್ಟೇ ಗುರುತಿಸಿದೆ. ಬಣ್ಣಕ್ಕೆ ಎಣ್ಣೆ ಬೆರೆಸುವುದನ್ನು ಅತ್ತೆಯವರು ಕನ್ನಡಿಯಲ್ಲಿ ನೋಡಿದರು. ಹೆಂಡತಿ ಬಾಗಿಲಲ್ಲಿ ಕಾವಲಿಗೆ ಕುಳಿತಿದ್ದಳು.

“ಏನದು, ಕೇಳು.”

“ಅಗಸಿ ಎಣ್ಣಿ ಅಂತ ಹೇಳು” ಎಂದೆ.

“ಹಿಂಡಿ ಮಾಡೂ ಅಗಸೀನ? ಅಯ್ಯ, ರೊಟ್ಟಿ ಜೋಡಿ ತಿನ್ನೂದು ಬಿಟ್ಟು ನನ್ನ ಮಾರಿಗೆ ಹಚ್ಚತಾರೇನು!”

ಅಲ್ಲಿಂದ ಅವರಿಗೆ ಈ ವಿದ್ಯೆಯ ಮೇಲೆ ವಿಶ್ವಾಸ ಕುದುರಿತು. ಅಗಸಿ ಇದ್ದಲ್ಲಿ ಮೋಸವಿರಲಾರದು.

ಮೂರನೆಯ ಸಲವೋ ನಾಲ್ಕನೆಯ ಸಲವೋ ಹೆಂಡತಿ ಕಾವಲಿಗೆ ಬೇಸತ್ತು ಎದ್ದುಹೋದಳು. ಮಧ್ಯಸ್ಥರಿಲ್ಲದೆ ನಾವಿಬ್ಬರೇ ಉಳಿದೆವು. ಸ್ವಲ್ಪ ಹೊತ್ತಿನ ಮೇಲೆ ಅತ್ತೆಯವರು ಕನ್ನಡಿಗೆ ಹೇಳತೊಡಗಿದರು. ನನಗಲ್ಲ, ಕನ್ನಡಿಗೆ. ತವರಿನಲ್ಲಿ ಅಂಗೈ ಅಗಲದ ಕನ್ನಡಿ ಇತ್ತಂತೆ. ಎದುರು ಬದರು ಕೂತು ಅಕ್ಕ ಇವರ ತಲೆ ಬಾಚುವುದು, ಇವರು ಅಕ್ಕನ ತಲೆ ಬಾಚುವುದು. ಇಬ್ಬರ ಮೂಗನ್ನೂ ಅಪ್ಪ ಒಂದೇ ದಿನ, ಒಂದೇ ಕಡೆ ಚುಚ್ಚಿಸಿದ್ದರಂತೆ. ಮಾವನವರು ತೀರಿಕೊಂಡಾಗ ಹಿರಿಯರು ಮೂಗುತಿ ತೆಗೆ ಎಂದರು. “ಇದು ನಮ್ಮಪ್ಪ ಕೊಟ್ಟಿದ್ದು, ಅವರು ಕೊಟ್ಟಿದ್ದಲ್ಲ, ಅವರು ಹೋದ್ರ ಇದ್ಯಾಕ ಹೋಗಬೇಕು ಅಂದೆ” ಎಂದು ಅತ್ತೆಯವರು ಕನ್ನಡಿಗೆ ತಿಳಿಸಿದರು. “ಅಕ್ಕ ನನ್ನ ಹಿಂದ ನಿಂತಿದ್ಲು. ಹೌದಲ್ರಿ ಮತ್ತ, ಅಂದ್ಲು. ಸುಮ್ಮನಾದ್ರು ಎಲ್ಲಾರೂ.”

ನಾನು ಮೂಗುತಿಯ ಹೊಳಪಿಗೆಂದು ಬ್ರಷ್ಷಿನ ತುದಿಯಲ್ಲಿ ಬಿಳಿ ತೆಗೆದುಕೊಂಡಿದ್ದೆ. ಆ ಒಂದು ಚುಕ್ಕೆ ಇಡಲು ಬಹಳ ಹೊತ್ತು ಬೇಕಾಯಿತು.

“ಊರಾಗ ಎಲ್ಲಾರೂ ನಮ್ಮಿಬ್ಬರನ್ನ ಅವಳಿ ಜವಳಿ ಅಂತಿದ್ರು” ಎಂದರು. “ಎಲ್ಲಿಂದ? ಅಕಿ ಮಾರಿ ಬ್ಯಾರೆ, ನನ್ನ ಮಾರಿ ಬ್ಯಾರೆ. ಮಂದಿಗೆ ಕಣ್ಣಿರೂದಿಲ್ಲ.”

ಚಿತ್ರ ಮುಗಿಯಿತು. ಬಣ್ಣ ಹಸಿ ಇರುವಾಗಲೇ ಅತ್ತೆಯವರು ಅದರ ಮುಂದೆ ನಿಂತರು. ನಾನು ಮರ್ಯಾದೆಗೆ ಬಾಲ್ಕನಿಗೆ ಹೋದೆ, ಕಿವಿ ಮಾತ್ರ ಒಳಗೇ ಇತ್ತು.

“ಹುಬೇಹೂಬ ನಾನs” ಎಂದರು. ದನಿಯಲ್ಲಿ ಹದಿನಾರರ ಹುಡುಗಿಯಿದ್ದಳು. “ಇನ್ನ ಹೆದರಿಕಿಲ್ಲ.”

ಹೆಂಡತಿ ಬಂದು ನೋಡಿದಳು. ತಲೆ ಆ ಕಡೆ ವಾಲಿಸಿದಳು, ಈ ಕಡೆ ವಾಲಿಸಿದಳು.

“ಭಾಳ ಚಲೋ ಅದ. ಆದ್ರ ಇದು ಅವ್ವ ಅಲ್ಲ.”

“ಅಲ್ಲಂದ್ರ?” ಅತ್ತೆಯವರು ಗುಡುಗಿದರು. “ನಾ ಯಾರು ಅಂತ ನನಗ ಗೊತ್ತಿಲ್ಲೇನು?”

“ಏನೋ ತಪ್ಪದ ಬೇ. ಏನಂತ ತಿಳೀವಲ್ದು. ನಿಮ್ಮ ಪೈಕಿ ಯಾರೋ ಇದ್ದಂಗ ಅದ, ನೀ ಅಲ್ಲ.”

ಮನೆಯಲ್ಲಿ ಎರಡು ಪಕ್ಷಗಳಾದವು. ನನಗೆ ಮತವಿರಲಿಲ್ಲ, ಏಕೆಂದರೆ ನನಗೆ ಅತ್ತೆಯವರ ಮುಖವೆಂದರೆ ಕನ್ನಡಿಯಲ್ಲಿ ಕಂಡದ್ದೇ. ಆದರೆ ಹೆಂಡತಿಯ ಮಾತು ಎದೆಯಲ್ಲಿ ಕೂತಿತು. ನಾಳೆ ಆ ಚಿತ್ರವನ್ನು ಗೋಡೆಯ ಮೇಲೆ ನೋಡಬೇಕಾದವಳು ಆಕೆ. ಆಕೆಗೇ ಅದು ತಾಯಿಯಲ್ಲದಿದ್ದರೆ, ಸರಕಾರಿ ಕಾರ್ಡಿನವನು ಮಾಡಿದ್ದಕ್ಕಿಂತ ನಾನು ಮಾಡಿದ್ದು ಹೆಚ್ಚೇನು?

ಭಾನುವಾರ ಚಿತ್ರವನ್ನು ಮೊಬೈಲಿನಲ್ಲಿ ಮೇಡಮ್ಮಿಗೆ ತೋರಿಸಿದೆ. ಮೂಗು ಈ ಸಲ ನನ್ನದಲ್ಲ ಎಂದು ಅಭಿನಂದಿಸಿದರು. ಅವರನ್ನು ಎಲ್ಲಿ ಕೂಡಿಸಿ ಬರೆದಿರಿ ಎಂದು ಕೇಳಿದರು. ಕಪಾಟಿನ ಏರ್ಪಾಡನ್ನು ವಿವರಿಸಿದೆ. ಅವರು ಬ್ರಷ್ಷು ಕೆಳಗಿಟ್ಟರು.

“ಕಾಕಾ, ನಿಮ್ಮ ಅತ್ತೆಯ ಮೂಗುತಿ ಯಾವ ಕಡೆ?” ಎಂದು ಮರಾಠಿಯಲ್ಲಿ ಕೇಳಿದರು.

ಚಿತ್ರ ನೋಡಿ, ಬಲಗಡೆ ಎಂದೆ.

“ಚಿತ್ರದಲ್ಲಲ್ಲ. ಅತ್ತೆಯಲ್ಲಿ.”

ನಾನು ಅಲ್ಲಿಂದಲೇ ಮನೆಗೆ ಫೋನು ಹಚ್ಚಿದೆ. ಇಡೀ ಕ್ಲಾಸು ಕಿವಿ ನಿಮಿರಿಸಿತು.

“ಏನs, ನಿಮ್ಮವ್ವನ ಮೂಗುತಿ ಯಾವ ಕಡೆ ಅದ?”

ಹೆಂಡತಿಯ ದನಿ ಏರಿತು. “ಏನ್ರೀ, ನನ್ನ ಲಗ್ನಾಗಿ ಬಂದು ಎಷ್ಟು ವರ್ಷಾತು? ಎಡಕ್ಕದ. ನಂದರ ಯಾವ ಕಡೆ ಅದ, ಗೊತ್ತದೋ ಇಲ್ಲೋ?”

ಸರಿಯಾಗಿಯೇ ಉತ್ತರಿಸಿದೆ. ಆ ಗಂಡಾಂತರ ಅಲ್ಲಿಗೆ ಕಳೆಯಿತು.

ಮೇಡಮ್ಮು ನಗುತ್ತಲೇ ವಿವರಿಸಿದರು. ಕನ್ನಡಿಯಲ್ಲಿ ಎಡ ಬಲ ಅದಲು ಬದಲು. ಮೂಗುತಿ ಮಾತ್ರವಲ್ಲ, ಹುಬ್ಬಿನ ಗಾಯ, ತುಟಿಯ ತುದಿ, ಎಲ್ಲ ಆ ಬದಿಯದು ಈ ಬದಿಗೆ ಬಂದಿದೆ. ಅತ್ತೆಯವರು ಜನ್ಮವೆಲ್ಲ ತಮ್ಮನ್ನು ನೋಡಿಕೊಂಡದ್ದು ಕನ್ನಡಿಯಲ್ಲಿ, ಆದ್ದರಿಂದ ಅವರಿಗೆ ಅದೇ ತಾವು. ಮಗಳು ನೋಡಿದ್ದು ಎದುರಿನಿಂದ. ಯಾರ ಮುಖವಾದರೂ ಎರಡು ಬದಿಗೆ ಒಂದೇ ಸಮ ಇರುವುದಿಲ್ಲ. ತಾಯಿ ಮಗಳು ಇಬ್ಬರೂ ಸರಿ, ತಪ್ಪಿದ್ದು ಕಾಕಾ. “ಆಧೀ ಬಘಾ ಎಂದು ಹೇಳಿದ್ದೆ. ನೀವು ಕಪಾಟು ನೋಡಿದ್ದೀರಿ.”

ಮನೆಗೆ ಬಂದು ಕ್ಯಾನ್ವಾಸನ್ನು ಎತ್ತಿ ಅದೇ ಕಪಾಟಿನ ಕನ್ನಡಿಗೆ ಎದುರಾಗಿ ಹಿಡಿದೆ. ಹೆಂಡತಿಯನ್ನು ಕರೆದು, ಕನ್ನಡಿಯೊಳಗೆ ನೋಡು ಎಂದೆ. ಆಕೆ ನೋಡಿದಳು, ಬಾಯಿಗೆ ಕೈ ಇಟ್ಟುಕೊಂಡಳು.

“ಅವ್ವ! ಈಗ ಖರೇ ಅವ್ವ!”

ಗದ್ದಲ ಕೇಳಿ ಅತ್ತೆಯವರೂ ಬಂದರು. ನಾನು ಹಿಡಿದ ಕ್ಯಾನ್ವಾಸಿನ ಮರೆಯಲ್ಲಿದ್ದುದರಿಂದ ಪದ್ಧತಿಗೆ ಭಂಗವಿರಲಿಲ್ಲ. ಅವರೂ ಕನ್ನಡಿಯೊಳಗೆ ನೋಡಿದರು. ನೋಡುತ್ತಲೇ ನಿಂತರು. ನನ್ನ ತೋಳು ನೋಯತೊಡಗಿತು.

“ಇದು ನಾ ಅಲ್ಲ” ಎಂದರು ಮೆಲ್ಲಗೆ. “ಇದು ನಮ್ಮಕ್ಕ.”

ಕನ್ನಡಿಗೆ ಇನ್ನಷ್ಟು ಹತ್ತಿರ ಹೋಗಿ ಬೆರಳು ತೋರಿಸಿದರು.

“ಮೂಗುತಿ ನೋಡು. ತುಟಿ ನೋಡು. ಅಕ್ಕ ಹಿಂಗs ಇದ್ಲು. ನನ್ನ ಮುಂದ ಕುಂತು ತಲಿ ಬಾಚಸ್ಕೊಳ್ಳಾಕಿ.” ಆಮೇಲೆ ಮಗಳ ಕಡೆ ತಿರುಗಿದರು. “ನೀವೆಲ್ಲಾ ನನ್ನ ಹಿಂಗ ನೋಡ್ತಿದ್ರೇನು? ಇಷ್ಟು ವರ್ಷಾ?”

“ಹೂಂ ಬೇ.”

“ಹಂಗಾರ ಮಂದಿಗೆ ಕಣ್ಣಿದ್ದುವು” ಎಂದರು ಅತ್ತೆಯವರು.

ಆ ದಿನ ಅವರು ಅಡುಗೆಮನೆಯ ಬಾಗಿಲ ಹಿಂದೆ ಬಹಳ ಹೊತ್ತು ಕುಳಿತಿದ್ದರು. ಕುಕ್ಕರಿನೊಂದಿಗೂ ಮಾತಿಲ್ಲ. ಸಂಜೆ ಚಹಾದ ಹೊತ್ತಿಗೆ ತೀರ್ಮಾನ ಹೊರಬಿತ್ತು.

“ನಾ ಹೋದ ಮ್ಯಾಲ ನಾ ಏನು ಬಂದು ನೋಡಾಕಿ? ನೋಡೋರು ನೀವು. ನಿಮಗ ಕಾಣೂ ಹಂಗ ಇರಬೇಕು ಅದು. ಅವರಿಗೆ ಹೇಳು, ಮತ್ತೊಂದು ತಗೀಲಿ.”

“ಅದಕ್ಕ ನೀ ಎದುರಿಗೆ ಕುಂಡ್ರಬೇಕಾಗ್ತದ ಅವ್ವಾ.”

“ಗೊತ್ತದ.”

ಮರುದಿನ ಬೆಳಿಗ್ಗೆ ನಾನು ಹೊರಕೋಣೆಯಲ್ಲಿ ಹೊಸ ಕ್ಯಾನ್ವಾಸು ನಿಲ್ಲಿಸಿದೆ. ಕಿಟಕಿಯ ಬಳಿ ಖುರ್ಚಿ ಹಾಕಿದೆ. ಬಣ್ಣ ಹಿಂಡಿಕೊಂಡೆ, ಬ್ರಷ್ಷು ಒರೆಸಿಕೊಂಡೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಅತ್ತೆಯವರು ಬಂದರು. ಇಳಕಲ್ಲ ಸೀರೆ ಉಟ್ಟಿದ್ದರು. ಖುರ್ಚಿಯ ಹತ್ತಿರ ನಿಂತು ಅದರ ಬೆನ್ನಿನ ಮೇಲೆ ಕೈ ಇಟ್ಟರು, ಬಿಸಿಯಿದೆಯೋ ಎಂದು ಪರೀಕ್ಷಿಸುವವರಂತೆ. ಆಮೇಲೆ ಕುಳಿತರು. ಕುಳಿತು ಕಣ್ಣು ಮುಚ್ಚಿಕೊಂಡುಬಿಟ್ಟರು.

ನಾನು ಮಾಡಿದ್ದೇನು? ನಾನೂ ಕ್ಯಾನ್ವಾಸನ್ನೇ ನೋಡುತ್ತ ನಿಂತೆ. ಮೂವತ್ತು ವರ್ಷದ ಅಭ್ಯಾಸ. ಕ್ಯಾಲೆಂಡರು ಬೇರೆ ಎದುರಿನ ಗೋಡೆಯ ಮೇಲೆ ನನ್ನನ್ನು ಕರೆಯುತ್ತಿತ್ತು. ಹೆಂಡತಿ ಒಳಗೆ ಹೋಗಿಬಿಟ್ಟಿದ್ದಳು. ಬೇಕೆಂದೇ ಹೋಗಿದ್ದಳೆಂದು ಈಗ ತಿಳಿಯುತ್ತದೆ, ಅದಕ್ಕಾಗಿ ಅವಳಿಗೆ ನಾನು ಋಣಿ. ಒಬ್ಬರು ಕಣ್ಣು ಮುಚ್ಚಿ, ಒಬ್ಬರು ತಲೆ ತಗ್ಗಿಸಿ, ಹೀಗೆ ಕಲಾಸಾಧನೆ ಎಷ್ಟು ಹೊತ್ತು ನಡೆಯಿತೋ. ಕೆಳಗೆ ರಸ್ತೆಯಲ್ಲಿ ಗುಜರಿ ಸಾಮಾನಿನವನು ಕೂಗುತ್ತ ಹೋದ.

“ಅಳಿಯಂದ್ರ.”

ಓರೆಗಣ್ಣಿನಲ್ಲೇ ನೋಡಿದೆ. ಅತ್ತೆಯವರು ಕಣ್ಣು ತೆರೆದಿದ್ದರು. ಸೆರಗನ್ನು ಹಣೆಯಿಂದ ತುಸು ಹಿಂದಕ್ಕೆ ಸರಿಸಿದ್ದರು.

“ನೋಡ್ರಿ. ನೋಡದ ಹೆಂಗ ತಗೀತೀರಿ?”

ಮೇಡಮ್ಮು ಎಷ್ಟು ಭಾನುವಾರ ಮರಾಠಿಯಲ್ಲಿ ಹೇಳಿದ್ದರೋ ಅದನ್ನು ಅತ್ತೆಯವರು ಒಮ್ಮೆ ಕನ್ನಡದಲ್ಲಿ ಹೇಳಿದರು. ನಾನು ತಲೆ ಎತ್ತಿದೆ. ಅಷ್ಟು ವರ್ಷ ನನಗೆ ಆರದ ಚಹಾ ಕೊಟ್ಟ, ನನ್ನ ಹಸಿವನ್ನು ಕುಕ್ಕರಿನ ಮೂಲಕ ವಿಚಾರಿಸಿದ ಮುಖ ಅಲ್ಲಿತ್ತು, ಬೆಳಕಿನಲ್ಲಿ. ಮೂಗುತಿ ಎಡಗಡೆ.

ಆ ಚಿತ್ರ ಬೇಗ ಮುಗಿಯಲಿಲ್ಲ, ಮುಗಿಸುವ ಆತುರವೂ ನನಗಿರಲಿಲ್ಲ. ಒಳ್ಳೆಯ ಚಿತ್ರವೆಂದು ಹೇಳಿಕೊಳ್ಳಲಾರೆ. ಕಿವಿ ಒಂದಿಷ್ಟು ಕೆಳಗಿಳಿದಿದೆ, ಕತ್ತಿನ ಬಣ್ಣ ಮಣ್ಣಾಗಿದೆ. ಮೇಡಮ್ಮು ನೋಡಿ ಏನೂ ತಿದ್ದಲಿಲ್ಲ, ಬೆನ್ನ ಮೇಲೊಂದು ಗುದ್ದು ಕೊಟ್ಟರು. ಹೆಂಡತಿ ನೋಡಿ ತಲೆಯನ್ನು ಯಾವ ಕಡೆಗೂ ವಾಲಿಸಲಿಲ್ಲ. “ಅವ್ವ” ಎಂದಳು, ಅಷ್ಟೇ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಬದುಕಿರುವವರ ಚಿತ್ರವನ್ನು ನಮ್ಮಲ್ಲಿ ಗೋಡೆಗೆ ಹಾಕುವುದಿಲ್ಲ. ಹಾಗಾದರೆ ಈ ಚಿತ್ರ ಎಲ್ಲಿರಬೇಕು? ನಾನು ಅದನ್ನು ಕಪಾಟಿನ ಹಿಂದೆ ಇಡಲು ಹೊರಟಿದ್ದೆ. ಅತ್ತೆಯವರು ತಡೆದರು.

“ಗ್ವಾಡಿಗೆ ಹಾಕ್ರಿ.”

“ಅವ್ವಾ, ಬಿಡ್ತು ಅನ್ನು!” ಎಂದಳು ಹೆಂಡತಿ.

“ನಂದಲ್ಲವಾ ಅದು. ನನ್ನ ಕಣ್ಣಿಗೆ ಅದು ನಮ್ಮಕ್ಕ. ಅಕಿ ಹೋಗ್ಯಾಳ, ಅಕೀದು ಹಾಕೂಕ ಏನೂ ಅಡ್ಡಿಲ್ಲ. ಕಾರ್ಡಿನ ಫೋಟೋಕ್ಕಿಂತ ಇದು ಪಾಡ. ನಂದು ಬ್ಯಾರೆ ಅದ.”

ಅವರದು ಎಂದರೆ ಕನ್ನಡಿಯ ಚಿತ್ರ. ಅದು ಈಗ ಅವರ ಕಪಾಟಿನೊಳಗೆ, ಸೀರೆಗಳ ಹಿಂದೆ ನಿಂತಿದೆ. ಬೆಳಿಗ್ಗೆ ಸೀರೆ ತೆಗೆಯುವಾಗ ಒಮ್ಮೆ ನೋಡುತ್ತಾರೆ. ಹೊರಕೋಣೆಯ ಗೋಡೆಯ ಮೇಲಿನದನ್ನು ನಾವು ನೋಡಿದರೆ ಅತ್ತೆಯವರು, ಅತ್ತೆಯವರು ನೋಡಿದರೆ ಅವರ ಅಕ್ಕ. ಕ್ಯಾಲೆಂಡರನ್ನು ತೆಗೆದು, ಅದೇ ಜಾಗಕ್ಕೆ ದೊಡ್ಡ ಮೊಳೆ ಹೊಡೆದು ಹಾಕಿದ್ದೇನೆ. ಒಂದು ಚಿತ್ರದಲ್ಲಿ ಇಬ್ಬರಿಗೆ ಜಾಗ ಸಿಕ್ಕಿತು. ನನ್ನಂಥ ಅರೆಕಲಿತವನ ಕೈಯಲ್ಲಿ ಇಷ್ಟಾದದ್ದಕ್ಕೆ ಕೃತಜ್ಞತೆಯಲ್ಲದೆ ಬೇರೆ ಹೇಳಲು ತೋಚದು.

ಮೊಳೆ ಹೊಡೆದ ದಿನ ಅತ್ತೆಯವರು ಚಿತ್ರದ ಮುಂದೆ ನಿಂತು ಕೈ ಮುಗಿದರು. ನಾನು ಪಕ್ಕದಲ್ಲಿ ಸುತ್ತಿಗೆ ಹಿಡಿದು ನಿಂತಿದ್ದೆ. ಅವರು ಚಿತ್ರದಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು. ನೇರವಾಗಿ, ನಿಧಾನವಾಗಿ ನನ್ನ ಮುಖ ನೋಡಿದರು. ಮತ್ತೆ ಚಿತ್ರ ನೋಡಿದರು. ತುಟಿಯ ಎಡತುದಿ ಮೇಲಕ್ಕೆದ್ದಿತು.

“ಎಲ್ಲಾ ಬರೋಬ್ಬರಿ ಅದ. ಆದ್ರ ನಮ್ಮಕ್ಕನ ಮೂಗು ಇಷ್ಟು ದೊಡ್ಡದಿರಲಿಲ್ಲ. ಇದು ನಿಮ್ಮ ಮೂಗಲ್ಲೇನ್ರಿ, ಅಳಿಯಂದ್ರ?”